ದಾನವೆಂದರೆ ಅತಿಥಿಯ ಪಾಲು

ದಾನ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಪಡೆಯುವವನ ಕೈ ಕೆಳಗಿರುತ್ತದೆ. ಕೊಟ್ಟವನು ದೊಡ್ಡವನು, ಪಡೆದವನು ಸಣ್ಣವನು. ಕೊಟ್ಟವನಿಗೆ ಕೀರ್ತಿ, ಪಡೆದವನಿಗೆ ಋಣಭಾರ. ಲೋಕದಲ್ಲಿ ದಾನದ ಬಗೆಗಿನ ಮಾತುಕತೆಯೆಲ್ಲ ಈ ಚಿತ್ರದ ಸುತ್ತಲೇ ನಡೆಯುತ್ತದೆ. ಯಾರೋ ಒಬ್ಬ ಶ್ರೀಮಂತರು ದೊಡ್ಡ ಮೊತ್ತವನ್ನು ಸತ್ಕಾರ್ಯಕ್ಕೆ ಕೊಟ್ಟರೆಂಬ ಸುದ್ದಿ ಬಂದಾಗ ಜನರು ಕೇಳುವ ಪ್ರಶ್ನೆಗಳು ಮೂರು. ಎಷ್ಟು ಕೊಟ್ಟರು ಎಂಬುದು ಮೊದಲನೆಯದು. ಏಕೆ ಕೊಟ್ಟರು ಎಂಬುದು ಎರಡನೆಯದು. ಅದರಲ್ಲಿ ಕುತೂಹಲಕ್ಕಿಂತ ಸಂಶಯವೇ ಹೆಚ್ಚು. ಪಡೆದವರು ಅದಕ್ಕೆ ಅರ್ಹರೇ ಎಂಬುದು ಮೂರನೆಯದು. ಹೇಗೆ ಕೊಟ್ಟರು ಎಂದು ಕೇಳುವವರು ವಿರಳ. ಆದರೆ ಜೈನಾಚಾರ್ಯರು ಗೃಹಸ್ಥನಿಗೆ ದಾನವನ್ನು ಬೋಧಿಸುವಾಗ ಬಹು ವಿವರವಾಗಿ ಹೇಳಿರುವುದು ಈ ನಾಲ್ಕನೆಯ ಪ್ರಶ್ನೆಯ ಕುರಿತೇ. ಅದನ್ನು ಅರಿತರೆ ಉಳಿದ ಮೂರು ಪ್ರಶ್ನೆಗಳ ಸ್ವರೂಪವೇ ಬದಲಾಗುತ್ತದೆ.

ಶ್ರಾವಕನಿಗೆ ವಿಧಿಸಲಾದ ವ್ರತಗಳು ಹನ್ನೆರಡು. ಐದು ಅಣುವ್ರತಗಳು, ಮೂರು ಗುಣವ್ರತಗಳು, ನಾಲ್ಕು ಶಿಕ್ಷಾವ್ರತಗಳು. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಕ್ರಮದಲ್ಲಿ ಇವುಗಳ ಪೈಕಿ ಕೊನೆಯದು ಅತಿಥಿಸಂವಿಭಾಗ. ಈ ಹೆಸರಿನಲ್ಲಿ ದಾನ ಎಂಬ ಶಬ್ದವೇ ಇಲ್ಲವೆಂಬುದನ್ನು ಗಮನಿಸಬೇಕು. ಅಲ್ಲಿರುವುದು ವಿಭಾಗ, ಎಂದರೆ ಪಾಲು. ಸಮ್ಯಕ್ಕಾದ ರೀತಿಯಲ್ಲಿ ಅತಿಥಿಯ ಪಾಲನ್ನು ತೆಗೆದಿಟ್ಟು ಅವನಿಗೆ ಸಲ್ಲಿಸುವುದೇ ಈ ವ್ರತ. ತಿಥಿಯನ್ನು ಗೊತ್ತುಮಾಡದೆ ಬರುವವನು ಅತಿಥಿ. ಮುಖ್ಯಾರ್ಥದಲ್ಲಿ ಅವನು ಸಂಯಮಿಯಾದ ಮುನಿ. ಮನೆಯಲ್ಲಿ ಬೇಯಿಸಿದ ಅನ್ನದಲ್ಲಿ, ಸಂಪಾದಿಸಿದ ಧನದಲ್ಲಿ ಇನ್ನೂ ಬಾರದಿರುವ ಒಬ್ಬನ ಪಾಲು ಮೊದಲೇ ಸೇರಿದೆ ಎಂದು ನಂಬುವ ಗೃಹಸ್ಥನಿಗೆ, ಕೊಡುವಾಗ ಉಪಕಾರ ಮಾಡಿದೆನೆಂಬ ಭಾವ ಹುಟ್ಟುವುದಕ್ಕೆ ಅವಕಾಶವೆಲ್ಲಿ? ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡಾಗ ತಮ್ಮನ ಪಾಲನ್ನು ತಮ್ಮನಿಗೆ ಕೊಟ್ಟ ಅಣ್ಣನನ್ನು ಯಾರೂ ಮಹಾದಾನಿಯೆಂದು ಹೊಗಳುವುದಿಲ್ಲ. ಅವನು ತನ್ನದಲ್ಲದ್ದನ್ನು ಇಟ್ಟುಕೊಳ್ಳಲಿಲ್ಲ, ಅಷ್ಟೆ.

ಈ ವ್ರತ ಕೊನೆಯಲ್ಲಿ ಬರುವುದಕ್ಕೂ ಅರ್ಥವಿದೆ. ಅಹಿಂಸೆ, ಸತ್ಯ, ಅಚೌರ್ಯಗಳು ಮೊದಲು. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವುದು ಆ ಬಳಿಕ. ಅತಿಥಿಸಂವಿಭಾಗಕ್ಕೆ ನೇರ ಹಿಂದಿರುವುದು ಉಪಭೋಗ ಪರಿಭೋಗಗಳ ಪರಿಮಾಣ, ಎಂದರೆ ತಾನು ಬಳಸುವ ವಸ್ತುಗಳಿಗೆ ತಾನೇ ಗಡಿ ಹಾಕಿಕೊಳ್ಳುವ ವ್ರತ. ಮೊದಲು ನನಗೆ ಎಷ್ಟು ಸಾಕು ಎಂಬ ನಿರ್ಣಯ, ಅನಂತರ ಇತರರ ಪಾಲಿನ ವಿಚಾರ. ಸಾಕೆಂಬ ಗಡಿಯೇ ಇಲ್ಲದವನಿಗೆ ಮಿಕ್ಕದ್ದೆಂಬುದೂ ಇರುವುದಿಲ್ಲ. ಅವನು ಕೊಟ್ಟರೂ ಕೈಬಿಟ್ಟು ಹೋದದ್ದೆಂದು ಲೆಕ್ಕ ಹಾಕುತ್ತಾನೆ. ಆ ನಷ್ಟಕ್ಕೆ ಪ್ರತಿಯಾಗಿ ಹೆಸರನ್ನೋ ಹಾರವನ್ನೋ ಬಯಸುತ್ತಾನೆ.

ದಿಗಂಬರ ಮುನಿಗಳ ಆಹಾರಚರ್ಯೆಯನ್ನು ಕಂಡವರಿಗೆ ಈ ತತ್ತ್ವ ಗ್ರಂಥದ ನೆರವಿಲ್ಲದೆಯೇ ಅರ್ಥವಾಗುತ್ತದೆ. ಚಾತುರ್ಮಾಸದ ದಿನಗಳಲ್ಲಿ ಮುನಿಗಳು ತಂಗಿದ ಊರಿನಲ್ಲಿ ಬೆಳಗಿನ ಹೊತ್ತು ಶ್ರಾವಕ ಶ್ರಾವಿಕೆಯರು ಮಡಿಯುಟ್ಟು, ಕೈಯಲ್ಲಿ ಕಲಶ, ತೆಂಗಿನಕಾಯಿ ಹಿಡಿದು ತಮ್ಮ ಮನೆಯ ಬಾಗಿಲಲ್ಲಿ ಕಾದು ನಿಂತಿರುತ್ತಾರೆ. ಮುನಿಗಳು ಯಾರನ್ನೂ ಬೇಡುವುದಿಲ್ಲ. ಮನಸ್ಸಿನಲ್ಲಿ ಒಂದು ಸಂಕಲ್ಪವನ್ನು ಇಟ್ಟುಕೊಂಡು ಮೌನವಾಗಿ ನಡೆದು ಬರುತ್ತಾರೆ. ಆ ಸಂಕಲ್ಪಕ್ಕೆ ಹೊಂದುವ ಮನೆಯ ಮುಂದೆ ನಿಲ್ಲುತ್ತಾರೆ; ಹೊಂದದಿದ್ದರೆ ಎಷ್ಟೇ ಸಿರಿವಂತರ ಮನೆಯಾದರೂ ದಾಟಿ ಮುಂದೆ ಹೋಗುತ್ತಾರೆ. ನಿಂತ ಮನೆಯವರು ಪ್ರದಕ್ಷಿಣೆ ಬಂದು, ಒಳಗೆ ಕರೆದೊಯ್ದು, ಉನ್ನತಾಸನವಿತ್ತು, ಪಾದ ತೊಳೆದು, ಅರ್ಚಿಸಿ, ನಮಸ್ಕರಿಸಿ, ತಮ್ಮ ಮನಸ್ಸು, ವಚನ, ಕಾಯ ಶುದ್ಧವಾಗಿವೆ, ಆಹಾರ ಶುದ್ಧವಾಗಿದೆ ಎಂದು ನಿವೇದಿಸಿಕೊಂಡ ಮೇಲೆಯೇ ಆಹಾರ ನೀಡಬೇಕು. ಇದೇ ನವಧಾ ಭಕ್ತಿ. ಮುನಿಗಳು ನಿಂತುಕೊಂಡು, ಕರಪಾತ್ರೆಯಲ್ಲಿ, ದಿನಕ್ಕೊಮ್ಮೆ ಮಾತ್ರ ಸ್ವೀಕರಿಸುತ್ತಾರೆ. ನಡುವೆ ಒಂದು ಕೂದಲೋ ಕೀಟವೋ ಕಂಡರೆ ಅಂತರಾಯವಾಯಿತೆಂದು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ಈ ವಿಧಿಯಲ್ಲಿ ಅಂಜುವವನು ಯಾರು? ಕೊಡುವವನೇ. ಇಂದು ನಮ್ಮ ಮನೆಗೆ ದಯಮಾಡಿಸುವರೇ, ನಮ್ಮ ಕೈಯಿಂದ ಸ್ವೀಕರಿಸುವರೇ, ನಿರಂತರಾಯವಾಗಿ ಆಹಾರ ಮುಗಿಯುವುದೇ ಎಂಬ ಆತಂಕ ದಾತೃವಿನದು. ಆಹಾರವಾದ ಮೇಲೆ ಧನ್ಯನಾದೆನೆಂದು ಕಣ್ಣೊರೆಸಿಕೊಳ್ಳುವವನೂ ದಾತೃವೇ. ತಿರಸ್ಕರಿಸುವ ಅಧಿಕಾರ ಪಡೆಯುವವರಲ್ಲಿದೆ. ಪ್ರಾರ್ಥಿಸುವ ಕರ್ತವ್ಯ ಕೊಡುವವನಲ್ಲಿದೆ. ಲೋಕದ ಚಿತ್ರ ಇಲ್ಲಿ ಪೂರ್ತಿ ತಲೆಕೆಳಗಾಗಿದೆ.

ಈಗ ಅದೇ ಶ್ರಾವಕ ಮಧ್ಯಾಹ್ನ ಊರಿನ ಶಾಲೆಯಲ್ಲಿ ನೋಟ್‌ಪುಸ್ತಕ ಹಂಚುವ ಕಾರ್ಯಕ್ರಮಕ್ಕೆ ಹೋದನೆಂದು ಭಾವಿಸೋಣ. ವೇದಿಕೆಯ ಹಿಂದೆ ದಾನಿಯ ಭಾವಚಿತ್ರವಿರುವ ಬ್ಯಾನರ್. ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ಕೂರಿಸಲಾಗಿದೆ. ಅತಿಥಿಗಳು ತಡವಾಗಿ ಬರುತ್ತಾರೆ, ಭಾಷಣಗಳು ದೀರ್ಘವಾಗುತ್ತವೆ. ಹೆಸರು ಕೂಗಿದ ಮಗು ಬಂದು ಪುಸ್ತಕದ ಒಂದು ಅಂಚನ್ನು ಹಿಡಿಯಬೇಕು, ದಾನಿ ಇನ್ನೊಂದು ಅಂಚನ್ನು ಹಿಡಿದಿರಬೇಕು, ಛಾಯಾಚಿತ್ರ ತೆಗೆಯುವವರೆಗೆ ಇಬ್ಬರೂ ಬಿಡಬಾರದು. ಸಂಜೆಯೊಳಗೆ ಆ ಚಿತ್ರ ನೂರಾರು ಮೊಬೈಲ್‌ಗಳನ್ನು ತಲುಪಿರುತ್ತದೆ. ಮಗುವಿನ ತಂದೆತಾಯಿಗೆ ಪುಸ್ತಕ ಕೊಡಿಸುವ ಶಕ್ತಿಯಿಲ್ಲವೆಂಬ ಸಂಗತಿಯೂ ಅದರೊಡನೆಯೇ ಊರಿಗೆಲ್ಲ ತಲುಪಿತು. ಬೆಳಿಗ್ಗೆ ಬಾಗಿಲಲ್ಲಿ ಕೈಮುಗಿದು ನಿಂತಿದ್ದ ವಿನಯ ಮಧ್ಯಾಹ್ನದ ವೇಳೆಗೆ ಎಲ್ಲಿ ಹೋಯಿತು?

ಇದಕ್ಕೆ ಶಾಸ್ತ್ರ ಬಲ್ಲವರು ಒಂದು ಸಮಾಧಾನ ಹೇಳಬಹುದು. ನವಧಾ ಭಕ್ತಿ ಸತ್ಪಾತ್ರರಾದ ಮುನಿಗಳಿಗೆ ಮಾತ್ರ ವಿಹಿತ, ದೀನರಿಗೆ ಕೊಡುವುದು ಕರುಣಾದಾನ, ಅದಕ್ಕೆ ಪಾದಪ್ರಕ್ಷಾಳನ ಬೇಕಿಲ್ಲ ಎಂದು. ಈ ಮಾತು ಸತ್ಯವೇ. ಆದರೆ ಪೂಜೆ ಬೇಕಿಲ್ಲವೆಂದ ಮಾತ್ರಕ್ಕೆ ಅವಮಾನಕ್ಕೆ ಅನುಮತಿ ದೊರೆಯುವುದಿಲ್ಲ. ತತ್ತ್ವಾರ್ಥಸೂತ್ರ ಅತಿಥಿಸಂವಿಭಾಗ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಮಾತ್ಸರ್ಯವೂ ಒಂದು. ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿ ಟೀಕೆಯಲ್ಲಿ ಈ ಶಬ್ದಕ್ಕೆ ಎರಡು ಅರ್ಥಗಳನ್ನು ಕೊಡುತ್ತಾರೆ. ಕೊಡುತ್ತಿದ್ದರೂ ಆದರವಿಲ್ಲದೆ ಕೊಡುವುದು ಒಂದು. ಇತರ ದಾತೃಗಳ ಗುಣವನ್ನು ಸಹಿಸಲಾರದಿರುವುದು ಇನ್ನೊಂದು. ನಮ್ಮ ಕಾಲದ ದಾನಕ್ಕೆ ತಗುಲಿರುವ ಎರಡು ರೋಗಗಳನ್ನೂ ಒಂದೇ ಶಬ್ದದಲ್ಲಿ ಹಿಡಿದಿಟ್ಟಂತಿದೆ. ಪಡೆಯುವವನ ಮೇಲೆ ಅನಾದರ, ಪಕ್ಕದ ದಾನಿಯ ಮೇಲೆ ಪೈಪೋಟಿ. ಅತಿಚಾರ ವ್ರತವನ್ನು ಪೂರ್ಣವಾಗಿ ಮುರಿಯದು, ಆದರೆ ಅದನ್ನು ಒಳಗಿನಿಂದ ಕೊರೆಯುತ್ತದೆ. ನೋಟ್‌ಪುಸ್ತಕ ಮಗುವಿಗೆ ತಲುಪಿದೆ. ವ್ರತಕ್ಕೆ ಮಾತ್ರ ಗೆದ್ದಲು ಹಿಡಿದಿದೆ.

ಇನ್ನು ಲೋಕದ ಮೊದಲನೆಯ ಪ್ರಶ್ನೆಗೆ ಬರೋಣ. ಎಷ್ಟು ಕೊಟ್ಟರು? ಈ ಪ್ರಶ್ನೆಯಿಂದ ಆಗಿರುವ ದೊಡ್ಡ ಹಾನಿಯೆಂದರೆ, ದಾನ ಸಿರಿವಂತರ ಕೆಲಸ ಎಂಬ ನಂಬಿಕೆ ಸಾಮಾನ್ಯರಲ್ಲಿ ಬೇರೂರಿರುವುದು. ಕೋಟಿಗಳ ಸುದ್ದಿ ಓದಿದವನಿಗೆ ತನ್ನ ನೂರು ರೂಪಾಯಿ ನಾಚಿಕೆ ತರುತ್ತದೆ. ನಾಚಿಕೆಯಿಂದ ಅವನು ಕೊಡುವುದನ್ನೇ ಬಿಡುತ್ತಾನೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಈ ನಾಚಿಕೆಯನ್ನು ನೀಗಿಸುವ ಗ್ರಂಥ. ಸತ್ಪಾತ್ರಕ್ಕೆ ಸಂದ ಅಲ್ಪದಾನವೂ ನೆಲಕ್ಕೆ ಬಿದ್ದ ಆಲದ ಬೀಜದಂತೆ ಬೆಳೆದು ನೆರಳು ಕೊಡುತ್ತದೆ ಎಂಬುದು ಅವರ ಉಪದೇಶ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂದು ನಾವು ಹೇಳುವ ನಾಲ್ಕು ದಾನಗಳಿಗೆ ಅವರು ನಾಲ್ವರನ್ನು ಆದರ್ಶವಾಗಿ ಹೆಸರಿಸುತ್ತಾರೆ. ಆಹಾರದಾನಕ್ಕೆ ಶ್ರೀಷೇಣ ರಾಜ, ಔಷಧದಾನಕ್ಕೆ ವೃಷಭಸೇನೆ, ಶಾಸ್ತ್ರದಾನಕ್ಕೆ ಕೌಂಡೇಶ. ಅಭಯದಾನಕ್ಕೆ ಆದರ್ಶವಾಗಿ ಅವರು ಹೆಸರಿಸುವುದು ಒಂದು ಹಂದಿಯನ್ನು.

ಕೌಂಡೇಶನ ಪುಣ್ಯದ ಮೂಲ ಅವನ ಹಿಂದಿನ ಜನ್ಮದಲ್ಲಿದೆ. ಆಗ ಅವನು ಗೋವಿಂದನೆಂಬ ದನಗಾಹಿ. ಮರದ ಪೊಟರೆಯಲ್ಲಿ ದೊರೆತ ಶಾಸ್ತ್ರಗ್ರಂಥವೊಂದನ್ನು ಭಕ್ತಿಯಿಂದ ಕಾಪಾಡಿ, ಪೂಜಿಸಿ, ಮುನಿಗಳಿಗೆ ಒಪ್ಪಿಸಿದ್ದೇ ಅವನ ದಾನ. ಓದಲು ಬಲ್ಲವರ ಕೈಗೆ ಗ್ರಂಥ ಸೇರಬೇಕೆಂಬ ವಿವೇಕವೇ ಅವನ ಸಂಪತ್ತು. ಹಂದಿಯ ಕಥೆ ಇನ್ನೂ ಮನಕರಗಿಸುವಂಥದು. ಗುಹೆಯೊಳಗೆ ಧ್ಯಾನಸ್ಥರಾಗಿದ್ದ ಮುನಿಗಳನ್ನು ಕೊಲ್ಲಲು ಹುಲಿಯೊಂದು ಬಂದಾಗ, ಪೂರ್ವಜನ್ಮದ ಸ್ಮರಣೆಯಾದ ಕಾಡುಹಂದಿ ಗುಹೆಯ ಬಾಗಿಲಲ್ಲಿ ಅಡ್ಡ ನಿಂತು ಹೋರಾಡಿತು. ಎರಡೂ ಪ್ರಾಣಿಗಳು ಸತ್ತವು. ರಕ್ಷಿಸುವ ಭಾವದಿಂದ ಸತ್ತ ಹಂದಿ ದೇವಗತಿಗೂ, ಕೊಲ್ಲುವ ಭಾವದಿಂದ ಸತ್ತ ಹುಲಿ ನರಕಗತಿಗೂ ಹೋದವು. ದಾನಿಗಳ ಪಂಕ್ತಿಯಲ್ಲಿ ರಾಜನ ಜೊತೆಗೆ ಒಬ್ಬ ದನಗಾಹಿಯನ್ನೂ ಒಂದು ಕಾಡುಪ್ರಾಣಿಯನ್ನೂ ಕೂರಿಸಿದ ಆಚಾರ್ಯರು, ದಾನಕ್ಕೆ ಹಣವೇ ಬೇಕೆಂಬ ವಾದಕ್ಕೆ ಎಡೆಯನ್ನೇ ಉಳಿಸಲಿಲ್ಲ.

ಕನ್ನಡ ನಾಡಿನ ಭಕ್ತರಿಗೆ ಇದನ್ನು ನೆನಪಿಸಲು ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯೇ ಸಾಕು. ಚಾವುಂಡರಾಯನ ಕೊಡಗಟ್ಟಲೆ ಹಾಲು ಗೊಮ್ಮಟೇಶ್ವರನ ಪಾದವನ್ನು ಮುಟ್ಟಲಿಲ್ಲವೆಂದೂ, ಅಜ್ಜಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಹಾಲು ಮೂರ್ತಿಯನ್ನೆಲ್ಲ ತೋಯಿಸಿ ಹರಿಯಿತೆಂದೂ ಐತಿಹ್ಯ. ಈ ಕಥೆಯನ್ನು ನಾವು ಚಾವುಂಡರಾಯನ ಗರ್ವಭಂಗದ ಕಥೆಯೆಂದೇ ಹೇಳುತ್ತ ಬಂದಿದ್ದೇವೆ. ಅದರಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಇಂದಿಗೂ ಆ ಅಜ್ಜಿಯ ವಿಗ್ರಹ ಬಾಹುಬಲಿಯ ಎದುರಿನಲ್ಲಿ ನಿಂತಿದೆ. ಮಹಾದಾನಿಯೊಬ್ಬನು ಕಟ್ಟಿಸಿದ ಕ್ಷೇತ್ರದಲ್ಲಿ, ಹೆಸರೂ ತಿಳಿಯದ ಬಡಮುದುಕಿಗೆ ಸ್ವಾಮಿಯ ಸಮ್ಮುಖದ ಸ್ಥಾನ ದೊರಕಿದೆ. ಸಣ್ಣ ದಾನಿಗೆ ಎದುರಿನಲ್ಲಿ ಜಾಗ ಕೊಡುವುದನ್ನು ನಮ್ಮ ಪರಂಪರೆ ಬಲ್ಲದು. ಮುಂದಿನ ಸಾಲಿನ ಕುರ್ಚಿಗಳನ್ನೆಲ್ಲ ಮೊತ್ತದ ಪ್ರಕಾರ ಹಂಚುವ ಇಂದಿನ ಸಮಾರಂಭಗಳು ಅದನ್ನು ಮರೆತಿವೆ.

ಎರಡನೆಯ ಪ್ರಶ್ನೆ, ಏಕೆ ಕೊಟ್ಟರು ಎಂಬುದು. ತೆರಿಗೆ ಉಳಿಸಲು, ಹೆಸರು ಮಾಡಲು, ಮಾಡಿದ ಪಾಪ ತೊಳೆಯಲು ಎಂದು ಜನರು ತಾವೇ ಉತ್ತರವನ್ನೂ ಕೊಟ್ಟುಕೊಳ್ಳುತ್ತಾರೆ. 2013ರ ಕಂಪನಿಗಳ ಕಾಯ್ದೆಯ 135ನೇ ಕಲಮು, 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭವಿರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಕನಿಷ್ಠ ಶೇ 2ರಷ್ಟನ್ನು ಸಮಾಜದ ಕೆಲಸಗಳಿಗೆ ವಿನಿಯೋಗಿಸಬೇಕೆನ್ನುತ್ತದೆ. ಹೀಗೆ ಬಂದ ಹಣದಿಂದ ಶಾಲೆಯ ಕೊಠಡಿಯೋ ಕುಡಿಯುವ ನೀರಿನ ಘಟಕವೋ ಆದಾಗ, ಕಾನೂನು ಹೇಳಿದ್ದರಿಂದ ಮಾಡಿದರು, ಅದೇನು ದಾನವೇ ಎಂದು ಮೂಗುಮುರಿಯುವವರಿದ್ದಾರೆ. ಮನಸ್ಸಿಗೆ ತೋಚಿದಾಗ ಉಕ್ಕಿ ಬರುವ ಔದಾರ್ಯವೇ ನಿಜವಾದದ್ದು, ಕಟ್ಟಳೆಯಿಂದ ಮಾಡಿದ್ದು ಕೀಳು ಎಂಬುದು ಈ ಮಾತಿನ ಹಿಂದಿರುವ ಎಣಿಕೆ.

ಜೈನಧರ್ಮ ಈ ಎಣಿಕೆಯನ್ನು ಒಪ್ಪುವುದಿಲ್ಲ. ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸುಗಳ ಜೊತೆಗೆ ದಾನವನ್ನೂ ಗೃಹಸ್ಥನ ನಿತ್ಯ ಷಟ್ಕರ್ಮಗಳಲ್ಲಿ ಸೇರಿಸಿದೆ. ಇಂದು ಮನಸ್ಸಿಲ್ಲವೆಂದು ದೇವಪೂಜೆಯನ್ನು ಬಿಡುವಂತಿಲ್ಲದಿರುವ ಹಾಗೆ, ಇಂದು ಹೃದಯ ಕರಗಲಿಲ್ಲವೆಂದು ದಾನವನ್ನೂ ಬಿಡುವಂತಿಲ್ಲ. ವ್ರತವೆಂದರೆ ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಕರಗಿದ ಮನಸ್ಸು ನಾಳೆ ಮತ್ತೆ ಹೆಪ್ಪುಗಟ್ಟಬಹುದು. ಕಟ್ಟಳೆ ಮನಸ್ಸಿನ ಹವಾಮಾನವನ್ನು ಕಾಯುವುದಿಲ್ಲ. ಕಾನೂನಿನ ಶೇ 2 ಹೊರಗಿನಿಂದ ಬಂದದ್ದು, ವ್ರತದ ಪಾಲು ಒಳಗಿನಿಂದ ಬಂದದ್ದು ಎಂಬ ಭೇದ ನಿಶ್ಚಯವಾಗಿಯೂ ಇದೆ. ಆದರೆ ಲಾಭದಲ್ಲಿ ಸಮಾಜಕ್ಕೊಂದು ಪಾಲಿದೆ ಎಂಬ ತಿಳಿವಳಿಕೆಯನ್ನು ಶ್ರಾವಕನಾದವನು ಹೀಗಳೆಯಬಾರದು. ತನ್ನ ಗಳಿಕೆಯಲ್ಲಿ ಅಂಥ ಪಾಲನ್ನು ತಾನು ಗೊತ್ತುಮಾಡಿದ್ದೇನೆಯೇ ಎಂದು ಕೇಳಿಕೊಳ್ಳಬೇಕು.

ಹೆಸರಿನ ಆಸೆಯ ಕುರಿತೂ ಒಂದು ಮಾತು. ದಾನಿಯ ಹೆಸರು ಬರೆಯುವುದೇ ತಪ್ಪೆನ್ನುವುದು ಅತಿಯಾಗುತ್ತದೆ. ಹೆಸರು ಉಳಿಯದಿದ್ದರೆ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ನಾವು ಅರಿಯುತ್ತಲೇ ಇರಲಿಲ್ಲ. ತಾಳೆಗರಿಯ ಮೇಲೆ ಒಂದೊಂದು ಅಕ್ಷರವನ್ನೂ ಕೈಯಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು ಆಕೆ. ಲಕ್ಕುಂಡಿಯಲ್ಲಿ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದಳು. 1007ರ ಶಾಸನ ಅದನ್ನು ದಾಖಲಿಸಿದೆ. 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನಿಗೆ ಆಶ್ರಯವಿತ್ತವಳೂ ಆಕೆಯೇ. ಗಂಡನನ್ನು ಕಳೆದುಕೊಂಡು ವ್ರತನಿಷ್ಠೆಯಿಂದ ಬಾಳಿದ ಈ ಶ್ರಾವಕಿಯ ಹೆಸರು ಕಲ್ಲಿನಲ್ಲೂ ಕಾವ್ಯದಲ್ಲೂ ನಿಂತದ್ದು ನಾಡಿನ ಭಾಗ್ಯ.

ಆದರೆ ನಮ್ಮ ಹಳೆಯ ದಾನಶಾಸನಗಳನ್ನು ಒಮ್ಮೆ ಎಚ್ಚರದಿಂದ ಓದಬೇಕು. ಅಲ್ಲಿ ದಾನಿಯ ಪ್ರಶಸ್ತಿ ಇರುತ್ತದೆ, ನಿಜ. ಅದರ ಜೊತೆಗೆ ಕೊಟ್ಟ ಭೂಮಿ ಎಷ್ಟು, ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಯಾವ ಗುರುವಿನ ವಶಕ್ಕೆ ಕೊಡಲಾಯಿತು, ಅದರ ಆದಾಯ ಋಷಿಗಳ ಆಹಾರಕ್ಕೋ ನಂದಾದೀಪದ ಎಣ್ಣೆಗೋ ಬಸದಿಯ ಜೀರ್ಣೋದ್ಧಾರಕ್ಕೋ ಎಂಬುದೆಲ್ಲ ಇರುತ್ತದೆ. ಕೊನೆಯಲ್ಲಿ, ಕೊಟ್ಟದ್ದನ್ನು ಕಸಿದುಕೊಂಡವನಿಗೆ ಶಾಪ. ಅದು ದಾನಿಯ ಹೆಸರುಪಟ್ಟಿಯಷ್ಟೇ ಆಗಿರದೆ ಊರ ನಡುವೆ ನೆಟ್ಟ ಲೆಕ್ಕಪತ್ರವೂ ಆಗಿತ್ತು. ದಾರಿಹೋಕನಿಗೂ ಆ ದಾನದ ಉದ್ದೇಶ ಗೊತ್ತಿರುತ್ತಿತ್ತು. ಇಂದಿನ ಅಮೃತಶಿಲೆಯ ಫಲಕಗಳಲ್ಲಿ ಕೊಟ್ಟವರ ಹೆಸರಿದೆ, ಉದ್ಘಾಟಿಸಿದವರ ಹೆಸರಿದೆ, ಉಪಸ್ಥಿತರಿದ್ದವರ ಹೆಸರೂ ಇದೆ. ಎಷ್ಟು ಸಂದಿತು, ಯಾವುದಕ್ಕೆ ಸಂದಿತು, ಮುಂದೆ ನೋಡಿಕೊಳ್ಳುವವರು ಯಾರು ಎಂಬುದಿಲ್ಲ. ಜನರಿಗೆ ದಾನದ ಮೇಲೆ ಸಂಶಯ ಬೆಳೆಯುವುದು ಈ ಮೌನದಿಂದಲೇ. ಬಸದಿಯಾಗಲಿ, ಟ್ರಸ್ಟ್ ಆಗಲಿ, ವರ್ಷದ ಜಮಾಖರ್ಚನ್ನು ಎಲ್ಲರೂ ಓದುವಂತೆ ಗೋಡೆಯ ಮೇಲೆ ಹಚ್ಚಿದರೆ ಅದು ಪೂರ್ವಿಕರ ಶಾಸನಪದ್ಧತಿಯ ಪುನರುದ್ಧಾರವೇ ಆಗುತ್ತದೆ.

ಏಕೆ ಎಂಬ ಪ್ರಶ್ನೆಯೊಳಗೆ ಇನ್ನೂ ಕಠಿಣವಾದ ಒಂದು ಪ್ರಶ್ನೆ ಅಡಗಿದೆ. ಕೊಟ್ಟ ಹಣ ಬಂದದ್ದು ಎಲ್ಲಿಂದ? ಇದನ್ನು ಕೇಳುವುದು ಅಸೂಯೆಯೆಂದು ದಾನಿಗಳಿಗೆ ಅನ್ನಿಸಬಹುದು. ಆದರೆ ಆಚಾರ್ಯರೇ ಇದನ್ನು ಕೇಳಿದ್ದಾರೆ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊದಲಿಗೇ ಇಡುತ್ತಾರೆ. ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ ತೂಕ ಅಳತೆಗಳಲ್ಲಿ ಮೋಸ, ಕಲಬೆರಕೆ, ಕದ್ದ ಮಾಲಿನ ಖರೀದಿ ಇವೆಲ್ಲ ಸೇರಿವೆ. ಪೂಜ್ಯಪಾದರ ಇಷ್ಟೋಪದೇಶವಂತೂ, ದಾನ ಮಾಡಿ ಪುಣ್ಯ ಗಳಿಸುತ್ತೇನೆಂದು ಹಣ ಕೂಡಿಡಲು ಹೊರಟವನನ್ನು, ಆಮೇಲೆ ಸ್ನಾನ ಮಾಡುತ್ತೇನೆಂದು ಮೈಗೆಲ್ಲ ಕೆಸರು ಬಳಿದುಕೊಳ್ಳುವವನಿಗೆ ಹೋಲಿಸುತ್ತದೆ. ಕೆಸರು ಹತ್ತಿದವನು ಸ್ನಾನ ಮಾಡಲೇಬೇಕು. ಸ್ನಾನವಿದೆಯೆಂಬ ಭರವಸೆಯಿಂದ ಕೆಸರಿಗೆ ಇಳಿಯಬಾರದು.

ಹಸಿದವನಿಗೆ ದಾನಿಯ ಅಂತರಂಗ ಏತಕ್ಕೆ, ಕೀರ್ತಿಗಾಗಿ ಕಟ್ಟಿಸಿದ ಆಸ್ಪತ್ರೆಯಲ್ಲೂ ರೋಗ ಗುಣವಾಗುತ್ತದಲ್ಲವೇ ಎಂಬ ಪ್ರತಿವಾದವಿದೆ. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ತತ್ತ್ವಾರ್ಥಸೂತ್ರ ದಾನಕ್ಕೆ ಕೊಡುವ ಲಕ್ಷಣದಲ್ಲಿ ಅನುಗ್ರಹ, ಎಂದರೆ ಉಪಕಾರ, ಮುಖ್ಯವಾದುದು. ಟೀಕಾಕಾರರು ಅದನ್ನು ತನಗೂ ಪರರಿಗೂ ಆಗುವ ಉಪಕಾರವೆಂದು ವಿವರಿಸುತ್ತಾರೆ. ಕೀರ್ತಿಗಾಗಿ ಕೊಟ್ಟಾಗ ಪರರ ಉಪಕಾರ ನಡೆಯುತ್ತದೆ, ಅದಕ್ಕೆ ಸಮಾಜ ಕೃತಜ್ಞವಾಗಿರಬೇಕು. ತಪ್ಪಿಹೋಗುವುದು ದಾನಿಯ ಸ್ವಂತ ಉಪಕಾರ. ಲೋಭ ಸಡಿಲವಾಗಲಿಲ್ಲ, ಮಾನಕಷಾಯ ಬೆಳೆಯಿತು. ಆದ್ದರಿಂದ ಇತರರ ದಾನವನ್ನು ಕಂಡಾಗ ಅದರಿಂದ ಆದ ಒಳಿತನ್ನು ನೋಡೋಣ. ಅಂತರಂಗವನ್ನು ಶೋಧಿಸುವ ಕೆಲಸವನ್ನು ನಮ್ಮ ದಾನಕ್ಕೆ ಮಾತ್ರ ಮೀಸಲಿಡೋಣ. ಬಸದಿಗಳಲ್ಲಿ ಅಭಿಷೇಕದ ಮೊದಲ ಕಲಶಕ್ಕೆ ಸವಾಲು ಕೂಗುವ ರೂಢಿಯನ್ನೂ ಹೀಗೆಯೇ ನೋಡಬೇಕು. ಆ ಹಣದಿಂದ ಜೀರ್ಣೋದ್ಧಾರ ನಡೆಯುತ್ತದೆ, ಪಾಠಶಾಲೆ ನಡೆಯುತ್ತದೆ. ಕೂಗುವವನು ಮಾತ್ರ ತನ್ನನ್ನೇ ಕೇಳಿಕೊಳ್ಳಲಿ: ಎದುರು ಸವಾಲು ಹಾಕುವವನು ಇಲ್ಲದಿದ್ದರೂ ನಾನು ಇಷ್ಟನ್ನೇ ಕೊಡುತ್ತಿದ್ದೆನೇ?

ಮೂರನೆಯದು ಅರ್ಹತೆಯ ಪ್ರಶ್ನೆ. ಕೊಟ್ಟರೆ ಸೋಮಾರಿಗಳಾಗುತ್ತಾರೆ, ಕುಡಿದು ಹಾಳುಮಾಡುತ್ತಾರೆ, ನಿಜವಾದ ಬಡವರು ಯಾರೆಂದು ಹೇಗೆ ತಿಳಿಯುವುದು ಎಂಬ ಮಾತುಗಳನ್ನು ನಿತ್ಯ ಕೇಳುತ್ತೇವೆ. ಪಾತ್ರಾಪಾತ್ರ ವಿವೇಕ ಜೈನಶಾಸ್ತ್ರದಲ್ಲಿ ಇದೆಯೆಂಬ ನೆಪವನ್ನೂ ಕೆಲವರು ಕೊಡುತ್ತಾರೆ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ದತ್ತಿ ನಾಲ್ಕು ವಿಧ: ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ. ಪಾತ್ರದ ಪರೀಕ್ಷೆ ಪಾತ್ರದತ್ತಿಗೆ ಸೇರಿದ್ದು. ಅದು ಪೂಜ್ಯರನ್ನು ಗುರುತಿಸುವುದಕ್ಕಾಗಿ ಇರುವ ವಿವೇಕ. ದಯಾದತ್ತಿಯಲ್ಲಿ ಕಷ್ಟದಲ್ಲಿರುವ ಪ್ರಾಣಿಯ ಭಯವನ್ನು ನೀಗಿಸುವುದೊಂದೇ ಲಕ್ಷ್ಯ. ಬಿಸಿಲಿಗೆ ಬಾಯಾರಿದ ಹಕ್ಕಿಗೆ ನೀರಿಡುವಾಗ, ಗಾಯಗೊಂಡ ಹಸುವಿಗೆ ಔಷಧ ಹಚ್ಚುವಾಗ ನಾವು ಅವುಗಳ ನಡತೆಯನ್ನು ವಿಚಾರಿಸುವುದಿಲ್ಲ. ಗೋಶಾಲೆಯ ಪ್ರಾಣಿಗೆ ಕೊಡುವ ಈ ನಿರುಪಾಧಿಕ ದಯೆಯನ್ನು ಮನುಷ್ಯನಿಗೆ ಕೊಡುವಾಗ ಮಾತ್ರ ನಮ್ಮ ಕೈ ಹಿಂದೆಗೆಯುವುದೇಕೆ?

ಅರ್ಹತೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಅಗತ್ಯದ್ದು. ಇದನ್ನು ನಮಗೆ ಕಲಿಸಿದವನು ಹಸ್ತಿನಾಪುರದ ಶ್ರೇಯಾಂಸ ಕುಮಾರ. ಆದಿತೀರ್ಥಂಕರ ವೃಷಭದೇವರು ದೀಕ್ಷೆಯ ಬಳಿಕ ಆರು ತಿಂಗಳ ಉಪವಾಸದ ಯೋಗವನ್ನು ಮುಗಿಸಿ ಆಹಾರಕ್ಕಾಗಿ ಹೊರಟಾಗ ಜನರಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ. ರತ್ನ ತಂದರು, ವಸ್ತ್ರ ತಂದರು, ಆನೆ ಕುದುರೆ ರಥಗಳನ್ನು ತಂದು ನಿಲ್ಲಿಸಿದರು; ಕನ್ಯೆಯರನ್ನೇ ಒಪ್ಪಿಸಲು ಬಂದರು. ಎಲ್ಲವನ್ನೂ ತ್ಯಜಿಸಿ ಬಂದವರಿಗೆ ಬೇಕಾಗಿದ್ದುದು ಶುದ್ಧವಾದ ಆಹಾರ ಮಾತ್ರವೆಂದು ಯಾರಿಗೂ ಹೊಳೆಯಲಿಲ್ಲ. ದೀಕ್ಷೆಯಿಂದ ಸುಮಾರು ಒಂದು ವರ್ಷ ಕಳೆಯಿತು. ಕೊನೆಗೆ ಶ್ರೇಯಾಂಸನಿಗೆ ಪೂರ್ವಭವದಲ್ಲಿ ತಾನು ಶ್ರೀಮತಿಯಾಗಿದ್ದಾಗ ವಜ್ರಜಂಘನೊಡನೆ ಮುನಿಗಳಿಗೆ ಆಹಾರವಿತ್ತ ನೆನಪು ಬಂದಿತು. ಅವನು ವಿಧಿಪೂರ್ವಕವಾಗಿ ಕಬ್ಬಿನ ಹಾಲನ್ನು ನೀಡಿದನು. ಆ ದಿನವೇ ಅಕ್ಷಯ ತದಿಗೆ. ಭರತ ಚಕ್ರವರ್ತಿಯೇ ಅವನನ್ನು ದಾನತೀರ್ಥದ ಪ್ರವರ್ತಕನೆಂದು ಗೌರವಿಸಿದನು. ಆನೆ ಕುದುರೆಗಳನ್ನು ತಂದವರ ಹೆಸರು ಉಳಿಯಲಿಲ್ಲ.

ನಮ್ಮ ಸುತ್ತಲೂ ಆನೆ ಕುದುರೆಗಳ ದಾನ ಇಂದಿಗೂ ನಡೆದಿದೆ. ಶಿಕ್ಷಕರಿಲ್ಲದ ಶಾಲೆಗೆ ಕಮಾನು, ವೈದ್ಯರಿಲ್ಲದ ಊರಿಗೆ ಆಸ್ಪತ್ರೆಯ ಕಟ್ಟಡ, ಒಂದೇ ಹಬ್ಬದ ದಿನ ಒಂದೇ ಅನಾಥಾಲಯಕ್ಕೆ ಹತ್ತು ಮನೆಯ ಸಿಹಿಯೂಟ, ಉಳಿದ ದಿನಗಳಲ್ಲಿ ಬರಿದಾದ ಉಗ್ರಾಣ. ಕೊಡುವವನಿಗೆ ಪ್ರಿಯವಾದದ್ದು ಬೇರೆ, ಪಡೆಯುವವನಿಗೆ ಬೇಕಾದದ್ದು ಬೇರೆ. ಇವೆರಡರ ನಡುವಿನ ದೂರ ತಿಳಿಯಬೇಕಾದರೆ ನಿಮಗೆ ಏನು ಬೇಕು ಎಂದು ವಿನಯದಿಂದ ಕೇಳಬೇಕು. ಕೇಳುವುದೆಂದರೆ ಪಡೆಯುವವನ ಮಾತಿಗೆ ಬೆಲೆ ಕೊಡುವುದು. ದಾತೃವಿಗೆ ಶ್ರದ್ಧೆ, ಭಕ್ತಿಗಳ ಜೊತೆಗೆ ವಿಜ್ಞಾನವೂ ಇರಬೇಕೆಂದು, ಎಂದರೆ ಏನು ಕೊಡಬೇಕೆಂಬ ಅರಿವೂ ಇರಬೇಕೆಂದು ಶಾಸ್ತ್ರಕಾರರು ಹೇಳಿದ್ದು ಇದಕ್ಕಾಗಿಯೇ.

ಪಾಲು ಎಂಬ ದೃಷ್ಟಿಯಿಂದ ನೋಡಿದಾಗ ದಾನ ವೇದಿಕೆಯಿಂದ ಇಳಿದು ನಿತ್ಯಜೀವನಕ್ಕೆ ಬರುತ್ತದೆ. ಅಭಯದಾನಕ್ಕೆ ಹುಲಿಯೇ ಬರಬೇಕೆಂದಿಲ್ಲ. ಅಂಗಡಿಯಲ್ಲಿ, ತೋಟದಲ್ಲಿ ದುಡಿಯುವವನಿಗೆ ನಾಳೆ ಕೆಲಸವಿದೆಯೋ ಇಲ್ಲವೋ, ಸಂಬಳ ಸಮಯಕ್ಕೆ ಬರುವುದೋ ಇಲ್ಲವೋ ಎಂಬ ಭಯವಿದೆ. ಆ ಭಯವನ್ನು ನೀಗಿಸುವುದು ನಮ್ಮ ಕೈಯಲ್ಲಿದೆ. ಅವನ ಸಂಬಳ ದಾನವಲ್ಲ, ಅವನದೇ ಹಕ್ಕು. ಆ ಹಕ್ಕನ್ನು ತಡೆಹಿಡಿದು, ಅದೇ ಹಣದಲ್ಲಿ ಊರಿಗೆ ಅನ್ನಸಂತರ್ಪಣೆ ಮಾಡಿದರೆ, ಮೈಗೆ ಕೆಸರು ಬಳಿದುಕೊಂಡವನ ಉಪಮೆ ನಮಗೇ ಅನ್ವಯಿಸುತ್ತದೆ. ಸಾಲ ತೀರಿಸಲಾಗದೆ ಕುಗ್ಗಿದವನಿಗೆ ಇನ್ನೊಂದು ವರ್ಷ ಕಾಯುತ್ತೇನೆಂದು ಹೇಳುವ ಒಂದು ಮಾತೂ ಅಭಯದಾನವೇ. ಯಾವ ಫಲಕವೂ ಅದನ್ನು ದಾಖಲಿಸುವುದಿಲ್ಲ.

ಅತಿಥಿಸಂವಿಭಾಗದ ಅತಿಚಾರಗಳಲ್ಲಿ ಕಾಲಾತಿಕ್ರಮವೂ ಒಂದು. ಆಹಾರದ ಹೊತ್ತು ಮೀರಿದ ಮೇಲೆ ಕೊಡಲು ಮುಂದಾಗುವುದು ಅದರ ಮೂಲಾರ್ಥ. ಸಭೆಯಲ್ಲಿ ಘೋಷಿಸಿ ವರ್ಷಗಟ್ಟಲೆ ಬಾಕಿ ಉಳಿಸಿದ ದೇಣಿಗೆಗಳಿಗೂ, ಮಗಳ ಮದುವೆಯಾಗಲಿ, ಮನೆಯ ಸಾಲ ತೀರಲಿ, ನಿವೃತ್ತಿಯಾಗಲಿ ಎಂದು ಮುಂದೂಡಿದ ಸಂಕಲ್ಪಗಳಿಗೂ ಅದು ಸಲ್ಲುತ್ತದೆ. ಅತಿಥಿಗೆ ತಿಥಿಯಿಲ್ಲ, ಆದ್ದರಿಂದ ಅವನ ಪಾಲು ಸದಾ ಸಿದ್ಧವಿರಬೇಕು. ಈ ತಿಂಗಳ ಗಳಿಕೆ ಕೈಸೇರಿದ ದಿನವೇ, ಮನೆಯ ಖರ್ಚಿಗೆ ತೆಗೆಯುವ ಮುನ್ನ, ಶಕ್ತಿಗೆ ತಕ್ಕ ಒಂದು ಪಾಲನ್ನು ಪ್ರತ್ಯೇಕವಾಗಿಡೋಣ. ಅದು ಹತ್ತು ರೂಪಾಯಿಯಾದರೂ ಸರಿ. ಯಾರಿಗೆ ಬೇಕೆಂದು ಹುಡುಕೋಣ, ಏನು ಬೇಕೆಂದು ಕೇಳೋಣ, ಅವರ ಮುಖವನ್ನು ಊರಿಗೆ ತೋರಿಸದೆ ತಲುಪಿಸೋಣ. ಸ್ವೀಕರಿಸಿದ್ದಕ್ಕಾಗಿ ಮನಸ್ಸಿನಲ್ಲೇ ಅವರಿಗೆ ಕೈಮುಗಿಯೋಣ. ಅವರ ಪಾಲು ಇಷ್ಟು ದಿನ ನಮ್ಮ ಮನೆಯಲ್ಲಿತ್ತು, ಈಗ ಅವರನ್ನು ಸೇರಿತು.